ಸುತ್ತು ಮೆಟ್ಟಿಲಿನವನು

ಅವನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬೋವಿಕಾನದಿಂದ ದೇಲಂಪಾಡಿಯವರೆಗೆ ಯಾರ ಮನೆಯ ಜಗಲಿಯಲ್ಲಿ ಕುಳಿತರೂ ಆ ಹೆಸರು ಒಮ್ಮೆಯಾದರೂ ಕಿವಿಗೆ ಬೀಳುತ್ತದೆ. ಹೇಳುವವರು ಅಷ್ಟು ಜನ ಇರುವಾಗ ನಾನೊಬ್ಬ ಹೇಳದಿದ್ದರೆ ಅವನಿಗೆ ನಷ್ಟವೇನಿಲ್ಲ. ತೀರಿಕೊಂಡವರನ್ನು ಬಹುವಚನದಲ್ಲಿ ಕರೆಯಬೇಕು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅದೂ ನನ್ನಿಂದ ಆಗದು. ನಾವಿಬ್ಬರೂ ಒಂದೇ ಪ್ರಾಯದವರು, ಒಂದೇ ಕಸುಬಿನವರು, ಎದುರು ಸಿಕ್ಕಾಗ ಏಕವಚನದಲ್ಲೇ ಮಾತಾಡಿಕೊಂಡವರು. ಈಗ ಅವನೊಬ್ಬನಿಗೆ ಬಡ್ತಿ ಕೊಡಲು ನನಗೆ ಮನಸ್ಸಿಲ್ಲ.

ಕೆಲವು ತಿಂಗಳ ಹಿಂದೆ ಬೋವಿಕಾನದಲ್ಲಿ ಅವನಿಗೆ ಸಂತಾಪ ಸಭೆ ಇಟ್ಟಿದ್ದರು. ನನ್ನನ್ನೂ ಕರೆದು ಎರಡು ಮಾತು ಆಡಿ ಎಂದರು. ತುಂಬಲಾರದ ನಷ್ಟ, ಮರದೊಂದಿಗೆ ಮಾತಾಡುತ್ತಿದ್ದ ಕಲಾವಿದ, ಇಂಥವರು ಮತ್ತೆ ಹುಟ್ಟುವುದಿಲ್ಲ, ಹೀಗೆ ನನಗಿಂತ ಮೊದಲು ಮಾತಾಡಿದವರು ಏನು ಹೇಳಿದ್ದರೋ ಅದನ್ನೇ ಸ್ವಲ್ಪ ಹಿಂದೆ ಮುಂದೆ ಮಾಡಿ ಹೇಳಿ ಕುಳಿತೆ. ಮನೆಗೆ ಬಂದಾಗ ಹೆಂಡತಿ, “ಭಾರೀ ಲಾಯ್ಕ ಮಾತಾಡಿದಿರಂತೆ” ಎಂದಳು. ಸುಳ್ಳು ಯಾವಾಗಲೂ ಲಾಯ್ಕವಾಗಿಯೇ ಇರುತ್ತದೆ. ನಿಜ ಏನೆಂದರೆ, ಅವನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವನು ಸತ್ತ ಮೇಲಾದರೂ ಕಡಿಮೆಯಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಅದಕ್ಕೇ ಬರೆಯಲು ಕುಳಿತಿದ್ದೇನೆ.

ನನ್ನದು ಬೋವಿಕಾನದಲ್ಲಿ ಮರದ ವರ್ಕ್‌ಶಾಪ್. ಬಾಗಿಲು, ಕಿಟಕಿ, ಬಾಗಿಲ ಚೌಕಟ್ಟು ಅಂದರೆ ದಾರಂದ, ಅಡುಗೆಮನೆಯ ಕಪಾಟು, ಎಲ್ಲ ಮಾಡುತ್ತೇವೆ. ಮೆಷಿನುಗಳಿವೆ, ಕೆಲಸದವರಿದ್ದಾರೆ, ಹೇಳಿದ ದಿನಕ್ಕೆ ಮಾಲು ಮುಟ್ಟಿಸುತ್ತೇನೆ. ಅಪ್ಪನ ಕಾಲದಿಂದ ಬಂದ ಕಸುಬು. ನಾನು ಮಾಡಿದ ಬಾಗಿಲು ಮಳೆಗಾಲದಲ್ಲಿ ಉಬ್ಬಿ ಸಿಕ್ಕಿಕೊಂಡಿತು ಎಂದು ಇವತ್ತಿನವರೆಗೆ ಯಾರೂ ದೂರು ತಂದಿಲ್ಲ. ಆದರೆ ಒಂದು ಮಾತು. ಬಾಗಿಲು ಸರಿಯಾಗಿದ್ದರೆ ಅದು ಅಲ್ಲಿದೆ ಎಂಬುದೇ ಯಾರಿಗೂ ನೆನಪಿರುವುದಿಲ್ಲ. ಬಂದ ನೆಂಟರನ್ನು ಬಾಗಿಲ ಎದುರು ನಿಲ್ಲಿಸಿ ಫೋಟೋ ತೆಗೆಯುವ ಮನೆಯನ್ನು ನಾನು ಕಂಡಿಲ್ಲ.

ಅವನು ಮಾಡುತ್ತಿದ್ದದ್ದು ಮೆಟ್ಟಿಲು ಮಾತ್ರ. ಅದೂ ಒಂದೇ ನಮೂನೆಯದು. ನಡುವೆ ಸಿಪ್ಪೆ ಸುಲಿದ ಒಂದು ಇಡೀ ಮರದ ಕಾಂಡ. ಅದರ ಮೈಗೆ ಸುತ್ತಲೂ ಗುಳಿ ತೋಡಿ, ಉರುಟು ಮರವನ್ನು ಸೀಳಿ ಮಾಡಿದ ಮೆಟ್ಟಿಲುಗಳನ್ನು ಒಂದರ ಮೇಲೊಂದಾಗಿ ಕೂರಿಸುತ್ತ ಹೋಗುವುದು. ಕೈ ಹಿಡಿಯುವ ಕಡೆಗೆ ತಾನಾಗಿ ಬಾಗಿ ಬೆಳೆದ ಕೊಂಬೆಗಳು. ಕಬ್ಬಿಣದ ಮೊಳೆ ಇಲ್ಲ, ಮರದ ಬೆಣೆ. ಗಂಟು ಇದ್ದಲ್ಲಿ ಗಂಟು, ಸೀಳು ಇದ್ದಲ್ಲಿ ಸೀಳು. ಪಾಲಿಶ್ ಎಂಬುದನ್ನು ಅವನು ಬೈಗುಳದ ಹಾಗೆ ಉಚ್ಚರಿಸುತ್ತಿದ್ದ. ಒಳಗೆ ಕಾಲಿಟ್ಟವರಿಗೆ ಮನೆಯ ನಡುವೆ ಒಂದು ಮರ ಮೈ ತಿರುಗಿಸಿ ಮಹಡಿಗೆ ಹೋಗುತ್ತಿದೆ ಎಂದೇ ಕಾಣುತ್ತಿತ್ತು. ಇಷ್ಟನ್ನು ನಾನೇ ಬರೆಯಬೇಕಾಗಿ ಬಂತಲ್ಲ ಎಂದು ಈಗಲೂ ಬೇಸರವಾಗುತ್ತದೆ.

ನಾನು ಅವನನ್ನು ಮೊದಲು ಸರಿಯಾಗಿ ನೋಡಿದ್ದು ಒಂದು ಮರದ ಮಿಲ್ಲಿನಲ್ಲಿ. ಹೈವೇ ಅಗಲ ಮಾಡಲು ಬದಿಯ ಮರಗಳನ್ನೆಲ್ಲ ಕಡಿದು ಉರುಳಿಸುತ್ತಿದ್ದ ಕಾಲ. ಮಿಲ್ಲಿನ ಅಂಗಳ ತುಂಬ ದಿಮ್ಮಿಗಳು. ನಾವೆಲ್ಲ ನೆಟ್ಟಗಿನದನ್ನು ಆರಿಸಲು ಬೆಳಿಗ್ಗೆಯೇ ಹೋಗಿ ನಿಂತಿದ್ದೆವು. ಅವನು ತಡವಾಗಿ ಬಂದ. ಇಸ್ತ್ರಿ ಹಾಕಿದ ಬಿಳಿ ಅಂಗಿ, ಕಿವಿಯ ಹಿಂದೆ ಅತ್ತರಿನ ಹತ್ತಿ. ಬಂದವನೇ ನಮ್ಮ ಕಡೆ ನೋಡದೆ ಹಿಂದೆ ಸೌದೆಗೆಂದು ಎಸೆದಿದ್ದ ರಾಶಿಗೆ ಹೋಗಿ, ಅಂಗಿ ಬಿಚ್ಚಿ ಒಂದು ಗೂಟಕ್ಕೆ ನೇತು ಹಾಕಿ, ಡೊಂಕು ದಿಮ್ಮಿಗಳನ್ನು ಒಂದೊಂದಾಗಿ ಉರುಳಿಸಿ ನೋಡತೊಡಗಿದ.

“ಎಂತ ಮಾರಾಯ, ಒಲೆಗಾ?” ಎಂದು ನಾನು ಕೇಳಿದೆ. ಜೊತೆಯಲ್ಲಿದ್ದವರು ನಕ್ಕರು.

“ಹೌದು ಮಾರಾಯ, ಒಲೆಗೇ. ನೆಟ್ಟಗಿದ್ದದ್ದನ್ನೆಲ್ಲ ನೀನು ತಗೊ. ನಂಗೆ ಅದರಲ್ಲಿ ಎಂತ ಕೆಲಸವೂ ಇಲ್ಲ” ಎಂದ. ಕೋಪವಿಲ್ಲ, ತಮಾಷೆಯೂ ಇಲ್ಲ. ಹೊಟ್ಟೆ ತುಂಬಿದವನು ಇನ್ನೊಮ್ಮೆ ಅನ್ನ ಬೇಡ ಎನ್ನುವ ಹಾಗೆ ಹೇಳಿದ. ಮಿಲ್ಲಿನವನು ಆ ರಾಶಿಯನ್ನು ಲಾರಿಗೆ ತುಂಬಿಸಿಯೂ ಕೊಟ್ಟ, ಜಾಗ ಖಾಲಿಯಾಯಿತಲ್ಲ ಎಂಬ ಖುಷಿಯಲ್ಲಿ.

ಆ ಮಳೆಗಾಲ ಮುಗಿಯುವವರೆಗೂ ಅವನು ಆ ದಿಮ್ಮಿಗಳನ್ನು ಯಾರದೋ ಕೆರೆಯಲ್ಲಿ ಮುಳುಗಿಸಿ ಇಟ್ಟಿದ್ದನಂತೆ. ನೀರಿನಲ್ಲಿ ಹಾಕಿದರೆ ಮರದ ರಸ ಹೋಗಿ ಕುಟ್ಟೆ ಹುಳ ಹಿಡಿಯುವುದಿಲ್ಲ. ಇದು ಅವನು ಕಂಡುಹಿಡಿದದ್ದೇನಲ್ಲ, ನನ್ನ ಅಪ್ಪನೂ ಹಾಗೆಯೇ ಮಾಡುತ್ತಿದ್ದರು. ನಮಗೆ ಈಗ ಅಷ್ಟು ಕಾಯಲು ಪುರುಸೊತ್ತಿಲ್ಲ, ಮದ್ದು ಹೊಡೆಯುತ್ತೇವೆ. ಆದರೆ ಊರಿನಲ್ಲಿ ಹಬ್ಬಿದ್ದು ಹೇಗೆಂದರೆ, ಅವನಿಗೆ ಮಾತ್ರ ಗೊತ್ತಿರುವ ಏನೋ ಒಂದು ವಿದ್ಯೆ ಇದೆ ಎಂದು. ಕೈಹಿಡಿಗೆ ಕಾಸರಕದ ಕೊಂಬೆ ಹಾಕುತ್ತಿದ್ದದ್ದಕ್ಕೂ ಹಾಗೆಯೇ. ಕಾಸರಕ ಕಹಿ, ಗೆದ್ದಲು ಮುಟ್ಟುವುದಿಲ್ಲ ಎಂದು ಇಲ್ಲಿ ದನ ಮೇಯಿಸುವವರಿಗೂ ಗೊತ್ತು. ಅವನು ಹೇಳಿದರೆ ಮಾತ್ರ ಜನ ತಲೆದೂಗುತ್ತಿದ್ದರು.

ಮಧೂರಿನ ಹತ್ತಿರ ಗಲ್ಫಿನಿಂದ ಮರಳಿದ ಒಬ್ಬರ ಮನೆ. ಬಾಗಿಲು, ಕಿಟಕಿ ನನ್ನದೇ. ಮೆಟ್ಟಿಲೂ ನನ್ನದೇ ಎಂದು ಮಾತಾಗಿತ್ತು. ತೇಗದ್ದು, ಕಡೆದ ಕಂಬಗಳದ್ದು, ನಕ್ಷೆಯೂ ಆಗಿತ್ತು. ಅಷ್ಟರಲ್ಲಿ ಮನೆಯ ಹೆಂಗಸು ಎಲ್ಲಿಯೋ ಅವನ ಕೆಲಸ ನೋಡಿ ಬಂದಿದ್ದರು. ಒಂದು ದಿನ ನಾನು ದಾರಂದ ನಿಲ್ಲಿಸಲು ಹೋದರೆ ಅವನು ಅಂಗಳದಲ್ಲಿ ಕುರ್ಚಿ ಹಾಕಿ ಕುಳಿತಿದ್ದಾನೆ, ಕೈಯಲ್ಲಿ ಚಹಾ. ಮನೆಯವರೆಲ್ಲ ಒಬ್ಬರಾದ ಮೇಲೊಬ್ಬರು ಪಕ್ಕದ ಹಳೆ ಮನೆಯ ಜಗಲಿಯ ಕಲ್ಲು ಮೆಟ್ಟಿಲು ಹತ್ತಿ ಇಳಿಯುತ್ತಿದ್ದಾರೆ. ಅಜ್ಜಿಯೂ, ಮೈಭಾರದ ಮಾವನೂ, ಸೊಸೆಯೂ. ಯಾರ ಕಾಲು ಎಷ್ಟು ಎತ್ತರ ಏಳುತ್ತದೆ ಎಂದು ಅವನು ನೋಡುತ್ತಿದ್ದಾನೆ, ಅಷ್ಟೇ. ಅಳತೆ ಇಲ್ಲ, ಟೇಪು ಇಲ್ಲ.

“ಇದು ಎಂತ ನಾಟಕ?” ಎಂದೆ ನಾನು ಮೆಲ್ಲಗೆ.

“ನಾಟಕವೇ” ಎಂದ ಅವನು. “ಟಿಕೆಟ್ ಇಲ್ಲ, ನೀನೂ ಒಮ್ಮೆ ಹತ್ತು ನೋಡುವಾ.”

ನಾನು ಹತ್ತಲಿಲ್ಲ. ಮಧ್ಯಾಹ್ನದವರೆಗೂ ಆಟ ನಡೆಯಿತು. ಆಮೇಲೆ ಊಟ. ಊಟದ ವಿಷಯವನ್ನು ಬರೆಯದಿದ್ದರೆ ಅವನ ಚಿತ್ರ ಪೂರ್ತಿಯಾಗುವುದಿಲ್ಲ. ಹೋದ ಮನೆಯಲ್ಲೆಲ್ಲ ಹೆಂಗಸರು ಅವನಿಗೆಂದೇ ಹಾಗಲಕಾಯಿ ಹುರಿಯುತ್ತಿದ್ದರು, ಅವನು ಮೂರು ಮೂರು ಸಲ ಬಡಿಸಿಕೊಂಡು ಅಡುಗೆಯವರ ಹೆಸರು ಕೇಳಿ ಹೊಗಳುತ್ತಿದ್ದ. ನಾವು ಕೆಲಸದವರು ಹಿಂದಿನ ಜಗಲಿಯಲ್ಲಿ ಉಂಡು ಎಲೆ ಎತ್ತಿ ಏಳುತ್ತಿದ್ದೆವು. ಅವನಿಗೆ ಮೇಜಿನ ಮೇಲೆ. ಯಾರೂ ಹಾಗೆಂದು ತೀರ್ಮಾನ ಮಾಡಿದ್ದಲ್ಲ, ಅವನು ಹೋಗಿ ಕುಳಿತ, ಅವರು ಬಡಿಸಿದರು. ಹೋಗಿ ಕುಳಿತುಕೊಳ್ಳಲು ನನಗೆ ಯಾಕೆ ತೋಚಲಿಲ್ಲ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ.

ಹೇಳಿದ ದಿನಕ್ಕೆ ಅವನು ಎಂದೂ ಕೆಲಸ ಮುಗಿಸಿದವನಲ್ಲ. ಒಂದು ಕೊಂಬೆ ಮನಸ್ಸಿಗೆ ಬರಲಿಲ್ಲವೆಂದರೆ ಇನ್ನೊಂದು ಸಿಗುವವರೆಗೆ ಮನೆಯವರು ಏಣಿಯಲ್ಲೇ ಹತ್ತಬೇಕು. ನನಗೆ ಎರಡು ದಿನ ತಡವಾದರೆ ಫೋನಿನ ಮೇಲೆ ಫೋನು. ಅವನು ತಡ ಮಾಡಿದರೆ, “ಅವರಿಗೆ ಮರ ಸಿಗ್ಬೇಕಲ್ಲ, ಪಾಪ” ಎನ್ನುತ್ತಿದ್ದರು. ಈ ‘ಪಾಪ’ ಎಂಬ ಮಾತು ನನಗೆ ಒಮ್ಮೆಯೂ ಸಿಕ್ಕಿದ್ದಿಲ್ಲ.

ಮಧೂರಿನ ಆ ಮನೆಯಲ್ಲಿ ಅವನಿಗೆ ಒಂದು ದೊಡ್ಡ ತಪ್ಪು ಆಯಿತು. ಮೆಟ್ಟಿಲು ಎದ್ದಿತು, ಎಲ್ಲರೂ ಹತ್ತಿ ಇಳಿದು ನೋಡಿದರು, ಫೋಟೋ ತೆಗೆದರು. ಮರುದಿನ ಪೇಟೆಯಿಂದ ಜೋಡಿ ಮಂಚ, ಕಪಾಟು ಬಂದವು. ಸುತ್ತು ಮೆಟ್ಟಿಲಿನಲ್ಲಿ ಮಂಚ ಹೋಗುವುದೆಲ್ಲಿ? ನೆಟ್ಟಗೆ ಹಿಡಿದರೂ ಇಲ್ಲ, ಅಡ್ಡ ಹಿಡಿದರೂ ಇಲ್ಲ. ಮೊದಲನೇ ಸುತ್ತಿನಲ್ಲೇ ಕಂಬಕ್ಕೆ ತಾಗಿ ನಿಂತಿತು. ಅಂಥ ಮೆಟ್ಟಿಲು ಮಾಡುವವನಿಗೆ ಮೊದಲು ಹೊಳೆಯಬೇಕಾದ ಸಂಗತಿ. ಎಲ್ಲರ ಕಾಲು ನೋಡಿದವನು ಮಂಚದ ಕಾಲನ್ನು ನೋಡಿರಲಿಲ್ಲ. ಕೊನೆಗೆ ತೆಂಗಿನಮರ ಹತ್ತುವವರನ್ನು ಕರೆಸಿ, ಹಗ್ಗ ಕಟ್ಟಿ, ಹೊರಗಿನಿಂದ ಮಹಡಿಯ ಬಾಲ್ಕನಿಗೆ ಮಂಚವನ್ನು ಎಳೆದು ಹಾಕಬೇಕಾಯಿತು.

ನನಗೆ ಆದ ಸಂತೋಷವನ್ನು ಏನು ಹೇಳಲಿ. ಆ ಸಂಜೆ ಬೋವಿಕಾನದ ಪೇಟೆಯಲ್ಲಿ ಸಿಕ್ಕಿದವರಿಗೆಲ್ಲ ನಿಲ್ಲಿಸಿ ನಿಲ್ಲಿಸಿ ಹೇಳಿದೆ. ಚಹಾದ ಅಂಗಡಿಗೆ ಹೋಗಿ, “ವಿಷಯ ಗೊತ್ತುಂಟಾ?” ಎಂದು ಶುರು ಮಾಡಿದರೆ ಅಲ್ಲಿ ಆಗಲೇ ನಗು ಕೇಳುತ್ತಿತ್ತು. ಅವನೇ ಬೆಂಚಿನ ಮೇಲೆ ನಿಂತು ಹೇಳುತ್ತಿದ್ದ, ಕೈ ಮೇಲೆತ್ತಿ, ಮಂಚ ಗಾಳಿಯಲ್ಲಿ ಹೇಗೆ ತಿರುಗಿತು, ಮನೆಯ ಅಜ್ಜಿ ಕೆಳಗಿನಿಂದ ದೇವರನ್ನು ಹೇಗೆ ಕರೆದರು, ತಾನು ಅಡುಗೆಮನೆಯಲ್ಲಿ ಹೇಗೆ ಅಡಗಿ ಕುಳಿತಿದ್ದೆ ಎಂದೆಲ್ಲ ಅಭಿನಯಿಸುತ್ತಿದ್ದ. ನನಗಿಂತ ನೂರು ಪಾಲು ಚೆನ್ನಾಗಿ ಹೇಳಿದ. ಅವನನ್ನು ಆಡಿಕೊಳ್ಳುವ ಸುಖವನ್ನೂ ಅವನು ನನಗೆ ಬಿಡಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಅವನು ಮುಂದೆ ಕೆಲಸ ಹಿಡಿದ ಮನೆಯವರು ಮೆಟ್ಟಿಲು ಏಳುವ ಮೊದಲೇ ಮಂಚ ಏರಿಸಿಬಿಡೋಣ ಎಂದು ನೆಂಟರನ್ನು ಕರೆದರು. ಹಗ್ಗ ಎಳೆಯಲು ನೆರೆಕರೆಯವರೂ ಬಂದರು, ಬಂದವರಿಗೆಂದು ಪಾಯಸ ಮಾಡಿದರು. ಅದರ ಮುಂದಿನ ಮನೆಯವರು ಒಳ್ಳೆ ದಿನ ನೋಡಿ ಮಾಡಿದರು. ಈಗ ನಮ್ಮ ಕಡೆ ಹೊಸ ಮನೆಗೆ ‘ಮಂಚ ಏರಿಸುವುದು’ ಎಂಬ ಒಂದು ಕಾರ್ಯಕ್ರಮವೇ ಆಗಿಹೋಗಿದೆ. ಮೊದಲಿನಿಂದಲೂ ಇದ್ದ ಕ್ರಮ ಎಂದು ಕೆಲವರು ನಂಬಿದ್ದಾರೆ. ನಾನು ತಪ್ಪು ಮಾಡಿದರೆ ಮಾಲು ವಾಪಸು ಬರುತ್ತದೆ. ಅವನು ತಪ್ಪು ಮಾಡಿದರೆ ಊರಿಗೊಂದು ಹಬ್ಬ.

ಇಷ್ಟೇ ಆಗಿದ್ದರೆ ನಾನು ಮರೆತುಬಿಡುತ್ತಿದ್ದೆ. ಕಸುಬಿನಲ್ಲಿ ಒಬ್ಬ ಮುಂದೆ, ಒಬ್ಬ ಹಿಂದೆ ಇದ್ದದ್ದೇ. ನಾನು ಮರೆಯಲಾರದ್ದು ನನ್ನ ಮಗಳ ವಿಷಯ.

ನನಗಿರುವುದು ಒಬ್ಬಳೇ ಮಗಳು, ವಿನಯಾ. ಸಿವಿಲ್ ಡಿಪ್ಲೊಮಾ ಮುಗಿಸಿ ನನ್ನ ವರ್ಕ್‌ಶಾಪಿನ ಆಫೀಸಿನಲ್ಲೇ ಕುಳಿತಿದ್ದಳು. ಕಂಪ್ಯೂಟರಿನಲ್ಲಿ ಕಪಾಟುಗಳ ನಕ್ಷೆ ತೆಗೆಯುವುದು, ಗಿರಾಕಿಗಳಿಗೆ ತೋರಿಸುವುದು. ಅವಳಿಗಾಗಿ ಗಾಜಿನ ಕೋಣೆ ಮಾಡಿಸಿದ್ದೆ, ಮರದ ಹುಡಿ ಒಳಗೆ ಬಾರದ ಹಾಗೆ. ಚಿಕ್ಕವಳಿರುವಾಗ ಉಳಿ ಹಿಡಿದುಕೊಂಡು ಹಲಗೆ ಕೆತ್ತುತ್ತ ಕೂರುತ್ತಿದ್ದಳು. ದೊಡ್ಡ ಗರಗಸದ ಮೆಷಿನು ತಂದ ಮೇಲೆ ಅವಳನ್ನು ಆ ಕಡೆ ಬಿಡುತ್ತಿರಲಿಲ್ಲ. ಬಿಡಬೇಕಿತ್ತು ಎಂದು ಈಗ ಹೇಳುವವರಿದ್ದಾರೆ. ಬೆರಳು ಹೋದರೆ ಅವರು ಕೊಡುತ್ತಾರಾ? ಅದರಲ್ಲಿ ನನಗೆ ಪಶ್ಚಾತ್ತಾಪವೇನೂ ಇಲ್ಲ.

ಒಂದು ದಿನ ಅವನು ಚೈನ್ ಪುಲ್ಲಿ ಕೇಳಿಕೊಂಡು ನನ್ನ ವರ್ಕ್‌ಶಾಪಿಗೆ ಬಂದ. ದಿಮ್ಮಿ ಎತ್ತಲು ಬೇಕಿತ್ತಂತೆ. ನಾನು ಹುಡುಕಿ ತರುವಷ್ಟರಲ್ಲಿ ಗಾಜಿನ ಕೋಣೆಯ ಒಳಗೆ ಹೋಗಿ ಅವಳ ಹಿಂದೆ ನಿಂತಿದ್ದ.

“ಮಗಾ, ಡೊಂಕು ಮರವನ್ನು ಇದ್ರಲ್ಲಿ ಬಿಡಿಸ್ಲಿಕ್ಕೆ ಆಗ್ತದಾ?”

“ಆಗ್ತದೆ ಮಾವ. ಆದ್ರೆ ಯಾವ ಡೊಂಕು ಅಂತ ನಂಗೆ ಗೊತ್ತಾಗ್ಬೇಕಲ್ಲ. ಒಂದೊಂದು ಒಂದೊಂದು ಥರ ಅಲ್ವಾ?”

ಅವನು ಜೋರಾಗಿ ನಕ್ಕ. ನನ್ನ ಕಡೆ ತಿರುಗಿ, “ಕೇಳಿದ್ಯಾ ಮಾರಾಯ, ಇಷ್ಟು ವರ್ಷಕ್ಕೆ ಸರಿಯಾದ ಪ್ರಶ್ನೆ ಕೇಳಿದವ್ಳು ಇವ್ಳೊಬ್ಳೇ” ಎಂದ. ನಾನೂ ನಕ್ಕೆ. ಮಗಳನ್ನು ಹೊಗಳಿದಾಗ ಯಾವ ಅಪ್ಪ ನಗುವುದಿಲ್ಲ?

ಆ ಭಾನುವಾರ ಅವಳು ಅವನ ಕೆಲಸ ನೋಡಲು ಹೋದಳು. ಮುಂದಿನ ಭಾನುವಾರವೂ ಹೋದಳು. ಆಮೇಲೆ ಶನಿವಾರ ಮಧ್ಯಾಹ್ನವೇ ಹೊರಟಳು. ನೋಡುತ್ತ ನೋಡುತ್ತ ಗಾಜಿನ ಕೋಣೆಯಲ್ಲಿ ಫ್ಯಾನು ಮಾತ್ರ ತಿರುಗುತ್ತಿತ್ತು. ಸಂಜೆ ಮನೆಗೆ ಬರುವಾಗ ಅಂಗೈಯಲ್ಲಿ ಬೊಬ್ಬೆಗಳು. ಅವಳ ಅಮ್ಮ ಎಣ್ಣೆ ಹಚ್ಚುತ್ತ ಬೈದರೆ ಅವಳು ನಗುತ್ತಾಳೆ. ಮಾವ ಹೀಗೆ ಹೇಳಿದರು, ಮಾವ ಹಾಗೆ ಮಾಡಿದರು, ಮಾವ ಇವತ್ತು ಒಂದು ದಿಮ್ಮಿಗೆ ಬೈದರು. ಊಟದ ಹೊತ್ತಿಗೆ ನನ್ನ ಮನೆಯಲ್ಲಿ ಅವನಿಗೂ ಒಂದು ಎಲೆ ಹಾಕಿದಂತಿತ್ತು. ಒಂದು ದಿನ ನನಗೆ ತಡೆಯಲಿಲ್ಲ.

“ನಮ್ಮದೇ ವರ್ಕ್‌ಶಾಪ್ ಉಂಟಲ್ಲ. ಅಲ್ಲಿ ನಿಂಗೆ ಎಂತ ಕಮ್ಮಿ ಆಯ್ತು?”

“ಕಮ್ಮಿ ಎಂತ ಇಲ್ಲಪ್ಪ.”

“ಮತ್ತೆ?”

ಅವಳು ಅನ್ನ ಕಲಸುವುದನ್ನು ನಿಲ್ಲಿಸಿದಳು. “ನಿಮ್ಮಲ್ಲಿ ಮರ ಬರುವಾಗ್ಲೇ ಅದು ಎಂತ ಆಗ್ಬೇಕು ಅಂತ ತೀರ್ಮಾನ ಆಗಿರ್ತದೆ. ಅಲ್ಲಿ ಹಾಗಲ್ಲ. ಮಾವ ದಿಮ್ಮಿ ಎದುರು ಕೂತು, ‘ಇದನ್ನು ಎಂತ ಮಾಡುವಾ ಮಗಾ?’ ಅಂತ ನನ್ನತ್ರ ಕೇಳ್ತಾರೆ. ನಾನು ಹೇಳಿದ್ದನ್ನು ಮಾಡ್ತಾರೆ ಕೂಡ.”

“ತಪ್ಪಿ ಹೋದ್ರೆ?”

“ತಪ್ಪಿದ್ರೆ ಒಲೆಗೆ ಹಾಕಿ ಚಹಾ ಮಾಡಿ ಕುಡೀತೇವೆ.”

ಒಳ್ಳೆಯ ಮರವನ್ನು ಒಲೆಗೆ ಹಾಕುವ ಕಾರ್ಖಾನೆ ಹೇಗೆ ನಡೆಯುತ್ತದೆ ಎಂದು ನಾನು ಕೇಳಬಹುದಿತ್ತು. ಅಷ್ಟರಲ್ಲಿ ಹೆಂಡತಿ ಸಾರು ಬಡಿಸಲು ಬಂದಳು. ಆದರೆ ನನ್ನೊಳಗೆ ಏನೋ ಒಂದು ಹಠ ಹುಟ್ಟಿಕೊಂಡಿತು. ನನ್ನ ಕೈ ಏನು ಅವನ ಕೈಗಿಂತ ಕಡಿಮೆಯಾ? ನಾನೂ ಒಂದು ಸುತ್ತು ಮೆಟ್ಟಿಲು ಮಾಡಿ ತೋರಿಸುತ್ತೇನೆ, ನಮ್ಮ ಮನೆಯಲ್ಲೇ.

ನಮ್ಮ ಮನೆಗೆ ಹೊರಗಿನಿಂದ ಸಿಮೆಂಟಿನ ಮೆಟ್ಟಿಲಿತ್ತು. ಒಳಗೆ ಚಾವಡಿಯ ಮೂಲೆಯಲ್ಲಿ ಮಹಡಿಗೆ ಒಂದು ಕಿಂಡಿ ಕೊರೆಸಿದೆ. ಹೆಬ್ಬಲಸಿನ ಒಳ್ಳೆಯ ಕಾಂಡ ತಂದೆ. ಮೆಟ್ಟಿಲಿಗೆ ಹಲಸು. ನನ್ನ ಕೆಲಸದವರಲ್ಲಿ ನುರಿತವರನ್ನೇ ಹಾಕಿದೆ, ಗುಳಿಗಳನ್ನು ನಾನೇ ತೋಡಿದೆ. ಒಂದು ಕೂದಲೆಳೆಯ ಸಂದು ಇಲ್ಲ. ಆದರೆ ಅಭ್ಯಾಸ ಎಂಬುದೊಂದು ಇದೆಯಲ್ಲ. ಕಾಂಡದಲ್ಲಿ ಒಂದು ಗಂಟು ಉಬ್ಬಿಕೊಂಡಿತ್ತು, ಕೈ ತಡೆಯಲಿಲ್ಲ, ಸವರಿದೆ. ಒಂದು ಗಂಟು ಸವರಿದ ಮೇಲೆ ಪಕ್ಕದ್ದು ಉಳಿದರೆ ಕಣ್ಣಿಗೆ ಚುಚ್ಚುತ್ತದೆ, ಅದನ್ನೂ ಸವರಿದೆ. ಕೈಹಿಡಿಯ ಕೊಂಬೆಗಳು ಒಂದೊಂದು ಒಂದೊಂದು ದಪ್ಪ ಇದ್ದವು, ಮೆಷಿನಿಗೆ ಕೊಟ್ಟು ಸಮ ಮಾಡಿದೆ. ಮುಗಿದಾಗ ಹೊಳೆಯುತ್ತಿತ್ತು. ಯಾವುದೋ ದೊಡ್ಡ ಹೋಟೆಲಿನಿಂದ ಎತ್ತಿ ತಂದು ಇಟ್ಟ ಹಾಗೆ ಕಾಣುತ್ತಿತ್ತು.

ಮಗಳು ಸಂಜೆ ಬಂದವಳು ಕೆಳಗೆ ನಿಂತು ಮೇಲಿನವರೆಗೆ ನೋಡಿದಳು. ಹತ್ತಿದಳು, ಇಳಿದಳು. “ಚಂದ ಉಂಟಪ್ಪ” ಎಂದಳು. ನೆಂಟರ ಮನೆಯಲ್ಲಿ ಸಕ್ಕರೆ ಹೆಚ್ಚಾದ ಕಾಫಿ ಕೊಟ್ಟಾಗ ನಾವು ಹೇಳುತ್ತೇವಲ್ಲ, ಆ ದನಿ. ನಾನು ಎರಡು ದಿನ ಅವಳೊಡನೆ ಸರಿಯಾಗಿ ಮಾತಾಡಲಿಲ್ಲ.

ಮೂರನೆಯ ದಿನ ಅವನೇ ಬಂದ. ಅವಳೇ ಕರೆದದ್ದೋ, ಸುದ್ದಿ ಕೇಳಿ ಬಂದದ್ದೋ. ಅಂಗಿ ಬಿಚ್ಚಲಿಲ್ಲ. ಮೆಟ್ಟಿಲಿನ ಸುತ್ತ ಒಮ್ಮೆ ನಡೆದ, ಅಂಗೈಯಿಂದ ಕಂಬವನ್ನು ತಟ್ಟಿದ, ತುದಿಯವರೆಗೆ ಹತ್ತಿ ಮೇಲಿನಿಂದ ನನ್ನನ್ನು ನೋಡಿದ.

“ಗಟ್ಟಿ ಉಂಟು ಮಾರಾಯ” ಎಂದ.

ಅಷ್ಟೇ. ಚಂದ ಇಲ್ಲ ಎಂದಿದ್ದರೆ ಜಗಳಕ್ಕೆ ದಾರಿಯಿತ್ತು. ಇಳಿದು ಬಂದು ನಮ್ಮಲ್ಲೇ ಊಟಕ್ಕೆ ಕುಳಿತ. ನನ್ನ ಹೆಂಡತಿ ಮಾಡಿದ ಹಾಗಲಕಾಯಿಯನ್ನು ಅರ್ಧ ಗಂಟೆ ಹೊಗಳಿದ. ನನ್ನ ಮೆಟ್ಟಿಲಿಗೆ ಒಂದು ಮಾತು, ಅವಳ ಪಲ್ಯಕ್ಕೆ ಅಷ್ಟು ಮಾತು. ಅವಳು ಇವತ್ತಿಗೂ ಅದನ್ನು ನೆನಪಿಸಿಕೊಳ್ಳುತ್ತಾಳೆ.

ಆಮೇಲಿನ ದಿನಗಳಲ್ಲಿ ಅವನಿಗೆ ಏದುಸಿರು ಶುರುವಾಯಿತು. ಡಾಕ್ಟರು ಭಾರ ಎತ್ತಬೇಡಿ, ಹತ್ತಿ ಇಳಿಯಬೇಡಿ ಎಂದರಂತೆ. ಮೆಟ್ಟಿಲು ಮಾಡುವವನಿಗೆ ಹತ್ತಬೇಡ ಎಂದರೆ ಇನ್ನೇನು ಉಳಿಯಿತು? ಇಲ್ಲಿಗೆ ಮುಗಿಯಿತು, ಮಗಳು ಗಾಜಿನ ಕೋಣೆಗೆ ಮರಳುತ್ತಾಳೆ ಎಂದು ನಾನು ಒಳಗೊಳಗೇ ಲೆಕ್ಕ ಹಾಕಿದೆ. ಹೌದು, ಅವನ ಕಾಯಿಲೆಯ ಸುದ್ದಿ ಕೇಳಿ ನನಗೆ ಮೊದಲು ಹೊಳೆದದ್ದು ಅದೇ. ಆದರೆ ಆದದ್ದು ಬೇರೆ. ದೇಲಂಪಾಡಿಯಲ್ಲಿ ಕಾಡಿನ ಅಂಚಿನ ಒಂದು ಮನೆಯ ಕೆಲಸ ಹಿಡಿದಿದ್ದ. ಅವನು ಕುರ್ಚಿಯಲ್ಲಿ ಕುಳಿತು ಬಾಯಲ್ಲಿ ಹೇಳುವುದು, ನನ್ನ ಮಗಳು ಕೊಡತಿ, ಉಳಿ ಹಿಡಿದು ಮಾಡುವುದು, ಹೀಗೆ ಶುರುವಾಯಿತು. ಕೊನೆಕೊನೆಗೆ ಬಾಯಲ್ಲಿ ಹೇಳುವುದನ್ನೂ ಬಿಟ್ಟು ಸುಮ್ಮನೆ ನೋಡುತ್ತ ಕೂರುತ್ತಿದ್ದನಂತೆ.

ಒಂದು ಮಧ್ಯಾಹ್ನ ತನ್ನ ಮನೆಯಲ್ಲಿ ಉಂಡು ಮಲಗಿದವನು ಏಳಲಿಲ್ಲ. ಹೊಟ್ಟೆ ತುಂಬ ಊಟ, ಒಂದು ನಿದ್ದೆ, ಅಷ್ಟರಲ್ಲಿ ಮುಗಿಯಿತು. ಸಾವಿನಲ್ಲೂ ಅವನಿಗೆ ಮೇಜಿನ ಮೇಲೆಯೇ ಬಡಿಸಿದರು ಎಂದು ನನಗೆ ಅನ್ನಿಸಿದ್ದು ಸುಳ್ಳಲ್ಲ.

ನಾನೂ ಹೋಗಿದ್ದೆ. ಅಂಗಳದ ತುಂಬ ಜನ. ಅವನ ಮೆಟ್ಟಿಲು ಇರುವ ಮನೆಗಳವರೆಲ್ಲ ಬಂದಿದ್ದರು, ಮಧೂರಿನ ಆ ಅಜ್ಜಿಯನ್ನೂ ಕಾರಿನಲ್ಲಿ ಕರೆತಂದಿದ್ದರು. ಅವನದ್ದು ಒಂದೇ ಅಂತಸ್ತಿನ ಹಂಚಿನ ಮನೆ. ಆ ಮನೆಯಲ್ಲಿ ಮೆಟ್ಟಿಲೇ ಇಲ್ಲ ಎಂಬುದನ್ನು ನಾನು ಅವತ್ತು ಗಮನಿಸಿದೆ. ವಿನಯಾ ಅವನ ಕಾಲ ಹತ್ತಿರ ಕುಳಿತು ಅಳುತ್ತಿದ್ದಳು. ಮೆಲ್ಲಗೆ ಅಳುವುದಲ್ಲ, ಮೈಯೆಲ್ಲ ಅಲುಗುವ ಹಾಗೆ ಅಳುತ್ತಿದ್ದಳು. ನಾನು ಹಲಸಿನ ಮರಕ್ಕೆ ಒರಗಿ ನಿಂತು, ನಾನು ಸತ್ತರೆ ಇವಳು ಇಷ್ಟು ಅಳುತ್ತಾಳಾ ಎಂದು ಯೋಚಿಸುತ್ತಿದ್ದೆ. ಅಂಥ ಹೊತ್ತಿನಲ್ಲಿ ಅಂಥ ಯೋಚನೆ ಬರಬಾರದು. ಬಂತು. ಅವಳನ್ನು ಎಬ್ಬಿಸಿ ಮನೆಗೆ ಕರೆತರುವಾಗ ಅವಳು ನನ್ನ ಭುಜಕ್ಕೆ ತಲೆ ಇಟ್ಟಳು. ಅದಕ್ಕಾಗಿ ಕೂಡ ಅವನಿಗೇ ಥ್ಯಾಂಕ್ಸ್ ಹೇಳಬೇಕಾದ ಸ್ಥಿತಿ.

ಸಂತಾಪ ಸಭೆ ಮುಗಿದ ಮರುವಾರ ಅವಳು ಒಬ್ಬಳೇ ದೇಲಂಪಾಡಿಗೆ ಹೋಗಿಬರಲು ಶುರು ಮಾಡಿದಳು. ಉಳಿದದ್ದು ಮೇಲಿನ ಸುತ್ತು ಮಾತ್ರ. ನಾನು ನಮ್ಮ ಕೆಲಸದವರನ್ನು ಕಳಿಸುತ್ತೇನೆ ಎಂದೆ. ಬೇಡ ಎಂದಳು. ಮುಗಿದ ದಿನ ಫೋನು ಮಾಡಿದಳು. “ಅಪ್ಪ, ಸಾಮಾನು ತುಂಬ ಉಂಟು. ಜೀಪು ತಗೊಂಡು ಬರ್ತೀರಾ?”

ಹೋದೆ. ಹೊಸ ಮನೆ, ಇನ್ನೂ ಸುಣ್ಣದ ವಾಸನೆ. ಒಳಗೆ ನೆಂಟರು, ನೆರೆಕರೆಯವರು ಮೆಟ್ಟಿಲು ನೋಡಲು ಸೇರಿದ್ದರು. ನಾನು ಬಾಗಿಲಲ್ಲೇ ನಿಂತು ನೋಡಿದೆ. ಕೆಳಗಿನ ಸುತ್ತುಗಳಲ್ಲಿ ಅವನು ಹೇಳಿ ಮಾಡಿಸಿದ್ದು ಗೊತ್ತಾಗುತ್ತಿತ್ತು. ಮೇಲಿನ ಸುತ್ತು ಬೇರೆ. ಅಲ್ಲಿ ಕೈಹಿಡಿಯ ಕೊಂಬೆ ಹೊರಗೆ ಬಾಗಿ ಹೋಗಿ, ಇನ್ನೇನು ಕೈಗೆ ಸಿಗುವುದಿಲ್ಲ ಎನ್ನುವಾಗ ಮರಳಿ ಒಳಗೆ ಬರುತ್ತಿತ್ತು. ಹಾಗೆ ಮಾಡುವ ಧೈರ್ಯ ಅವನಿಗೂ ಇರಲಿಲ್ಲ. ನಾನು ಅವನ ಎಲ್ಲ ಕೆಲಸವನ್ನೂ ನೋಡಿದವನು, ಹೊಟ್ಟೆಕಿಚ್ಚಿನಿಂದ ನೋಡಿದಷ್ಟು ಚೆನ್ನಾಗಿ ಯಾರೂ ನೋಡುವುದಿಲ್ಲ. ಇದು ಅವನದ್ದಲ್ಲ. ಇದು ಇವಳದ್ದು.

ಮನೆಯ ಯಜಮಾನರು ಒಬ್ಬ ಹೆಂಗಸಿಗೆ ಅವಳನ್ನು ತೋರಿಸುತ್ತಿದ್ದರು. ಆ ಹೆಂಗಸು ಕೇಳಿದರು, “ಹೆಣ್ಣುಮಗಳು ಇಂಥ ಕೆಲಸ ಮಾಡುವುದಾ! ಯಾರ ಹತ್ರ ಕಲಿತದ್ದು ಮಗಾ?”

ನಾನು ಬಾಗಿಲಿನಿಂದ ಒಂದು ಹೆಜ್ಜೆ ಒಳಗಿಟ್ಟೆ. ಚಿಕ್ಕಂದಿನಲ್ಲಿ ನನ್ನ ಕಾಲ ಬುಡದಲ್ಲಿ ಕೂತು ಉಳಿ ಹಿಡಿದದ್ದು ಅವಳಿಗೆ ನೆನಪಿಲ್ಲದೆ ಹೋಗುತ್ತದಾ? ಅಪ್ಪನ ಹತ್ರ ಎಂದು ಒಂದು ಮಾತು. ಅರ್ಧ ಮಾತಾದರೂ ಸಾಕು. ಅವಳು ಕೈಯ ಹುಡಿ ಒರೆಸಿಕೊಳ್ಳುತ್ತ ಅವನ ಹೆಸರು ಹೇಳಿದಳು. ಯೋಚನೆಯೇ ಮಾಡಲಿಲ್ಲ. ಅವಳ ಮುಖದಲ್ಲಿ ಅಷ್ಟು ಸಂತೋಷವಿತ್ತು, ನನಗೆ ಸಿಟ್ಟು ಮಾಡಲು ಜಾಗವೇ ಸಿಗಲಿಲ್ಲ.

ಆಗ ಯಜಮಾನರು ನನ್ನನ್ನು ನೋಡಿದರು. “ಬನ್ನಿ ಬನ್ನಿ. ನೀವು ಯಾರು ಅಂತ ಗೊತ್ತಾಗ್ಲಿಲ್ಲ.”

“ಇವಳ ಅಪ್ಪ” ಎಂದೆ.

“ಓಹೋ! ಕೂತ್ಕೊಳ್ಳಿ. ನಿಮ್ದು ಎಂತ ಕೆಲಸ?”

“ಮರದ ಕೆಲಸವೇ.”

“ಹೌದಾ?” ಅವರಿಗೆ ಬಹಳ ಖುಷಿಯಾಯಿತು. “ಹಾಗಾದ್ರೆ ನೀವೂ ಅವರ ಹತ್ರವೇ ಕಲಿತದ್ದಾ?”

ಚಾವಡಿಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ವಿನಯಾಳ ಕೈ ಅಲ್ಲೇ ನಿಂತಿತು. ಅಪ್ಪ ಈಗ ಏನಾದರೂ ಕೊಂಕು ಆಡುತ್ತಾರೆ ಎಂದು ಅವಳಿಗೆ ಗೊತ್ತು, ನನ್ನನ್ನು ಹುಟ್ಟಿದಾಗಿನಿಂದ ನೋಡಿದವಳು. ಮಾತು ನಾಲಿಗೆಯ ತುದಿಗೆ ಬಂದೂ ಇತ್ತು. ಬೋವಿಕಾನದಲ್ಲಿ ನನ್ನ ಅಪ್ಪನ ಕಾಲದಿಂದ, ಎಂದು ಶುರು ಮಾಡಬೇಕು. ಆದರೆ ಕಣ್ಣು ಮತ್ತೆ ಆ ಮೇಲಿನ ಸುತ್ತಿಗೆ ಹೋಯಿತು. ಕೊಂಬೆ ಹೊರಗೆ ಹೋಗಿ ಒಳಗೆ ಬರುವ ಆ ಜಾಗವನ್ನು ಅವಳು ಹೇಗೆ ಹಿಡಿದು ನಿಲ್ಲಿಸಿದಳು ಎಂಬುದು ನನಗೆ ಅರ್ಥವಾಗಿರಲಿಲ್ಲ.

“ಇಲ್ಲ” ಎಂದೆ. “ನಾನು ಇನ್ನು ಇವಳ ಹತ್ರ ಕಲೀಬೇಕಷ್ಟೆ.”

ಎಲ್ಲರೂ ನಕ್ಕರು. ಅವಳೂ ನಕ್ಕಳು, ತಮಾಷೆ ಎಂದುಕೊಂಡು. ಆದರೆ ಮರುದಿನ ಬೆಳಿಗ್ಗೆ ಅವಳು ಹೊಸ ದಿಮ್ಮಿ ನೋಡಲು ಹೊರಟಾಗ ನಾನೂ ಅಂಗಿ ಹಾಕಿಕೊಂಡು ಜೀಪಿನಲ್ಲಿ ಕುಳಿತೆ. ಅವಳು ಒಂದು ಕ್ಷಣ ನನ್ನ ಮುಖ ನೋಡಿ ಗಾಡಿ ಬಿಟ್ಟಳು. ಈಗ ವಾರಕ್ಕೆ ಎರಡು ದಿನ ಅವಳ ಜೊತೆ ಕೆಲಸಕ್ಕೆ ಹೋಗುತ್ತಿದ್ದೇನೆ. ಕೆಲಸ ಮಾಡುವ ಮನೆಗಳಲ್ಲಿ ನಾನು ಯಾರು ಎಂದು ಕೇಳಿದವರಿಗೆ ಅವಳು ಏನು ಹೇಳುತ್ತಾಳೋ ನಾನು ವಿಚಾರಿಸಲು ಹೋಗುವುದಿಲ್ಲ. ನನಗೆ ಗೊತ್ತು, ಲೆಕ್ಕ ಹಿಡಿದರೆ ನಾನೀಗ ಅವನ ಶಿಷ್ಯೆಯ ಶಿಷ್ಯ. ಇದನ್ನು ಬರೆಯುವಾಗಲೂ ಹೊಟ್ಟೆ ಉರಿಯುತ್ತಿದೆ.